ಮೇಲಿಂದ ಎರಡನೆಯದು

ಬಿಣಗಾ ಶಾಲೆಯ ಎಡಗಡೆಯ ಕೋಣೆ,
ಮತಗಟ್ಟೆ ನೂರಾ ಹದಿನೇಳು.
ಪಟ್ಟಿ ನನ್ನದು. ಅಂಗನವಾಡಿಯ ಮೊಟ್ಟೆಯ ಲೆಕ್ಕದ ಜೊತೆಗೆ
ಸತ್ತವರ ಲೆಕ್ಕವೂ ನನ್ನದೇ,
ಹದಿನೆಂಟು ವರ್ಷದಿಂದ.

ಧಾರವಾಡದಿಂದ ಒಬ್ಬ ಹುಡುಗ ಬಂದ, ಸಂಶೋಧನೆಯಂತೆ.
ಮಕ್ಕಳ ಪುಟ್ಟ ಕುರ್ಚಿಯಲ್ಲಿ
ಮೊಣಕಾಲು ಗಲ್ಲಕ್ಕೆ ತಾಗಿಸಿ ಕೂತು
ಲ್ಯಾಪ್‌ಟಾಪು ಬಿಚ್ಚಿದ.
ಐದು ಲೋಕಸಭೆ, ಐದು ಕಂಬ.
‘ನೋಡಿ ಅಕ್ಕೋರೇ, ಇಲ್ಲಿತನಕ ನೀಲಿ,
ಇಲ್ಲಿಂದ ಹಳದಿ ಏರ್ತಾ ಹೋಗಿದೆ.
ಇಷ್ಟೊಂದು ಜನ ಯಾಕೆ ಮನಸ್ಸು ಬದಲಿಸಿದರು?’

ಮನಸ್ಸು.

ನಾನು ಕಪಾಟಿನಿಂದ ಹಳೇ ಪಟ್ಟಿ ಇಳಿಸಿದೆ.
ಜಿರಳೆ ತಿಂದ ಅಂಚು, ನನ್ನದೇ ಕೆಂಪು ಗೆರೆ.
ಮನೆ ಹದಿನಾಲ್ಕು, ರೋಹಿದಾಸ ತಾಂಡೇಲ:
ಅಪ್ಪ ಹಾಕಿದ್ದಕ್ಕೇ ಹಾಕುತ್ತಿದ್ದ, ಸಾಯುವವರೆಗೆ ಬದಲಿಸಲಿಲ್ಲ.
ಸತ್ತ. ಗೆರೆ.
ಅದೇ ಮನೆಯ ಮಾಳಿಗೆಯಲ್ಲೀಗ
ನೌಕಾನೆಲೆಗೆ ಗುತ್ತಿಗೆ ವೆಲ್ಡರ್, ಬಲಿಯಾ ಜಿಲ್ಲೆಯವ,
ರಾಮಸಜೀವನ. ಅವನೂ ಊರಲ್ಲಿ
ಅಪ್ಪ ಹಾಕಿದ್ದಕ್ಕೇ ಹಾಕುತ್ತಿದ್ದನಂತೆ.
ಇಬ್ಬರೂ ಅಲುಗಲಿಲ್ಲ. ಕಂಬ ಮಾತ್ರ ವಾಲಿತು.

ಇನಾಸ್ ಫರ್ನಾಂಡಿಸರ ಮನೆಯ ಏಳೂ ಹೆಸರು
ಹೆದ್ದಾರಿ ಅಗಲವಾದ ವರ್ಷ ಮಡಗಾಂವಿಗೆ ಹೋದವು.
ನಮೂನೆ ಏಳು, ಏಳು ಸಲ ಬರೆದೆ.
ಅವರ ಹಲಸಿನ ಮರ ಇದ್ದಲ್ಲಿ
ಈಗ ಲಾರಿಗಳು ಗೇರು ಬದಲಿಸುತ್ತವೆ.

ಮತ್ತೆ ಈ ಹೊಸಬರು: ಸಾನಿಕಾ, ಪ್ರಥಮೇಶ, ಆ ಅವಳಿಗಳು.
ನಾಲಿಗೆಗೆ ಪೋಲಿಯೋ ಹನಿ ಬಿಟ್ಟು
ಕಿರುಬೆರಳಿಗೆ ಶಾಯಿ ಹಚ್ಚಿದವಳು ನಾನು.
ಈಗ ತೋರುಬೆರಳಿಗೆ ಇನ್ಯಾರೋ ಹಚ್ಚುತ್ತಾರೆ.
ಆಗಲೂ ಅತ್ತಿದ್ದರು, ಯಾಕೆಂದು ಹೇಳಿರಲಿಲ್ಲ.

ಬದಲಿಸಿದವರೇ ಇಲ್ಲವೆಂದಲ್ಲ.
ಚಾದಂಗಡಿಯ ಸಾತು ಪೆಡ್ನೇಕರ, ಒಂದು ಮೋರಿಯ ಜಗಳಕ್ಕೆ,
ಮನೆಯ ಒಂಬತ್ತೂ ಮತ ಒಂದೇ ರಾತ್ರಿ ಆಚೆ ದಾಟಿಸಿದೆ ಎಂದು
ಗ್ಲಾಸು ತೊಳೆಯುತ್ತ ಹೇಳಿದ.
ಒಳಗಿಂದ ಅವನ ಹೆಂಡತಿ ಕೆಮ್ಮಿದಳು.
ಎಂಟೋ, ಒಂಬತ್ತೋ, ನಾನು ಹೇಳಲಾರೆ.

ಅತ್ತೆಯ ಕಾಲದಲ್ಲಿ ಇದೆಲ್ಲ ಯಾರಿಗೆ ಗೊತ್ತಿತ್ತು.
ಊರೂರಿನ ಚೀಟಿ ಒಂದೇ ಡ್ರಮ್ಮಿಗೆ ಸುರಿದು
ಕಲಸಿ ಎಣಿಸುತ್ತಿದ್ದರಂತೆ.
ಕೋಡಿಬಾಗದಲ್ಲಿ ಕಾಳಿ ಉಪ್ಪಾದ ಮೇಲೆ
ಜೋಯಿಡಾದ ನೀರು ಯಾವುದು, ಕದ್ರಾದ್ದು ಯಾವುದು?
ಈಗ ಹೊಳೆಯನ್ನು ಲೋಟ ಲೋಟ ಬಿಡಿಸಿ
ಒಂದೊಂದಕ್ಕೂ ಹೆಸರು ಅಂಟಿಸಿಡುತ್ತಾರೆ.

ಹುಡುಗ ತೆರೆಯ ಮೇಲೊಂದು ಪದ ತೋರಿಸಿದ: ತೂಗುಮತ.
ಅತ್ತಿತ್ತ ತೂಗುವವರಂತೆ. ಅವರೇ ಗೆಲ್ಲಿಸುವವರಂತೆ.
ನನಗೆ ಮಾಣಕು ಹರಿಕಂತ್ರ ನೆನಪಾದಳು.
ಮಶೀನು ಬಂದ ಮೊದಲ ಸಲ
ಗಂಡ ಅವಳ ಕೈ ಹಿಡಿದು ಹೇಳಿಕೊಟ್ಟಿದ್ದ:
ಮೇಲಿಂದ ಎರಡನೆಯದು, ಪೀಂ ಅನ್ನೋತನಕ ಒತ್ತು.
ಆ ಮಳೆಗಾಲ ದೋಣಿ ಬಂತು, ಅವನು ಬರಲಿಲ್ಲ.
ಅಂದಿನಿಂದ ಅವಳು ಮೇಲಿಂದ ಎರಡನೆಯದನ್ನೇ ಒತ್ತುತ್ತಾಳೆ.
ಅಲ್ಲಿ ಯಾವ ಚಿತ್ರವಿದೆ, ಯಾರ ಹೆಸರಿದೆ
ನೋಡುವುದಿಲ್ಲ. ಕಣ್ಣಿಗೆ ಪೊರೆ ಬೇರೆ.
ಅಭ್ಯರ್ಥಿಗಳ ಸಾಲು ಪ್ರತಿ ಸಲ ಸರಿಯುತ್ತದೆ;
ಹಾಗಾಗಿ ಹುಡುಗನ ಲೆಕ್ಕದಲ್ಲಿ
ಅವಳು ಐದರಲ್ಲಿ ಮೂರು ಸಲ ತೂಗಿದ್ದಾಳೆ.
ಇಡೀ ಬಿಣಗಾದಲ್ಲಿ ಅವಳಷ್ಟು ನೆಟ್ಟಗೆ ನಿಂತವರನ್ನು
ನಾನು ಕಂಡಿಲ್ಲ.

ಇದನ್ನು ಅವನಿಗೆ ಹೇಳಲಿಲ್ಲ.
ತಾರಲೆಯ ಪಾಲು ಎತ್ತಿಕೊಡುತ್ತ ಹೇಳಿದ ಮಾತು ಅದು,
ಕಂಬಕ್ಕೆ ಸೇರಿದ್ದಲ್ಲ.
‘ಹಾಗಾದರೆ ಕಾರಣ ಏನೆಂದು ಬರೆಯಲಿ?’ ಅಂದ.
‘ಪಟ್ಟಿ ನೋಡಿ ಬರಿ’ ಅಂದೆ.
‘ನಿಮ್ಮದು ಯಾವ ಕಡೆ, ಅಕ್ಕೋರೇ?’
ಹಾಲು ಉಕ್ಕಿತು ಅಂತ ಎದ್ದು ಹೋದೆ.

ಸಂಜೆ ಚೀಟಿ ಹಂಚಲು ಹೋದಾಗ
ಮಾಣಕು ಬುಟ್ಟಿ ತೊಳೆದು ಬೋರಲು ಹಾಕಿದ್ದಳು.
ಚೀಟಿಯನ್ನು ಸೆರಗಿಗೆ ಗಂಟು ಹಾಕಿ ಕೇಳಿದಳು:
‘ಈ ಸಲನೂ ಎರಡನೇದು ಇರ್ತದಲ್ಲ?’
ಇರ್ತದೆ ಅಂದೆ.